ಅಂದು ಪ್ಲೇಗು, ಇಂದು ಡೆಂಗಿ: ಜ್ವರ ಮುಚ್ಚಿಡಬೇಡಿ

ಸೋದರಿಯರೇ, ನಮ್ಮ ಉದಯಗಿರಿಯಲ್ಲಿ ಮಳೆಗಾಲ ಬಂತೆಂದರೆ ಡೆಂಗಿ ಜ್ವರದ ಮಾತು ಶುರು. ಆದರೂ ಮನೆಯಲ್ಲಿ ಯಾರಿಗಾದರೂ ಮೈ ಬಿಸಿಯಾದರೆ "ಸುಮ್ಮನಿರಿ, ಯಾರಿಗೂ ಹೇಳ್ಬೇಡಿ" ಅನ್ನುವವರಿದ್ದಾರೆ. ಹೀಗೆ ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ಮೈಸೂರು ಸೀಮೆ ಹಿಂದೆಯೇ ಕಂಡಿದೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು, ಮೈಸೂರನ್ನೂ ಬಿಡಲಿಲ್ಲ. ಮೊದಲು ಮನೆಯಲ್ಲಿ ಇಲಿ ಸತ್ತು ಬೀಳುತ್ತಿತ್ತು. ಸತ್ತ ಇಲಿಯನ್ನು ಬಿಟ್ಟ ಚಿಗಟ ಮನುಷ್ಯರನ್ನು ಕಚ್ಚುತ್ತಿತ್ತು. ಆಮೇಲೆ ಜ್ವರ, ಕಂಕುಳಲ್ಲೋ ತೊಡೆಸಂದಿನಲ್ಲೋ ಗಂಟು. ಇಲಿ ಬಿತ್ತೆಂದರೆ ಜನ ಮನೆಗೆ ಬೀಗ ಹಾಕಿ ಊರಾಚೆಯ ಗುಡಿಸಲು ಸೇರುತ್ತಿದ್ದರು. ಹಲವು ಕಡೆ ಪ್ಲೇಗ್ ಮಾರಮ್ಮನ ಗುಡಿಗಳೂ ಎದ್ದವು.

ಸರ್ಕಾರವೇನೂ ಕೈಕಟ್ಟಿ ಕೂತಿರಲಿಲ್ಲ. ಆದರೆ ಮನೆ ಹೊಕ್ಕು ತಪಾಸಣೆ ಮಾಡುವುದು, ರೋಗಿಯನ್ನು ಮನೆಯವರಿಂದ ಬೇರೆ ಮಾಡಿ ಒಯ್ಯುವುದು ಜನರಿಗೆ ರೋಗಕ್ಕಿಂತ ಭಯಂಕರವಾಗಿ ಕಂಡಿತು. ತಾಯಿ ಮಗುವನ್ನು ಕಳಿಸಿಕೊಡುವಳೇ, ಹೇಳಿ? ರೋಗಿಗಳನ್ನು ಬಚ್ಚಿಟ್ಟರು. 1898ರಲ್ಲಿ ಶ್ರೀರಂಗಪಟ್ಟಣದಲ್ಲಿ ದಂಗೆಯೇ ಆಯಿತು. ಬಚ್ಚಿಟ್ಟ ಮನೆಯಲ್ಲಿ ಚಿಗಟವೂ ಉಳಿಯಿತು, ರೋಗವೂ ಬೆಳೆಯಿತು. ಗದರಿಸುವ ಬದಲು ತಿಳಿಹೇಳಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತೋ ಏನೋ!

ಇನ್ನೊಂದು ಪಾಠವನ್ನು ಊರು ಚೆನ್ನಾಗಿಯೇ ಕಲಿಯಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ಕೇರಿಗಳೇ ರೋಗದ ತವರು ಎಂದು ಮನಗಂಡು, ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. ಅಗಲವಾದ ರಸ್ತೆ, ಚರಂಡಿ, ಹೊಸ ಬಡಾವಣೆಗಳು ಬಂದವು.

ಈಗ ಪ್ಲೇಗಿಗೆ ಒಳ್ಳೆಯ ಔಷಧಿಗಳಿವೆ. ಡೆಂಗಿಯದು ಬೇರೆ ದಾರಿ. ಅದನ್ನು ಹರಡುವ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ, ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಆದ್ದರಿಂದ ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿ ಖಾಲಿ ಮಾಡಿ, ಒಳಗಿನ ಅಂಚನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಬಿಗಿಯಾಗಿ ಮುಚ್ಚಿಡಿ. ಹೂಕುಂಡದ ತಟ್ಟೆ, ಮಾಡಿನ ಮೇಲಿನ ಹಳೆಯ ಟೈರು ಮರೆಯಬೇಡಿ.

ಜ್ವರ ಬಂದರೆ ನೀರು, ಗಂಜಿ, ಎಳನೀರು ಕೊಡಿ, ಡಾಕ್ಟರಿಗೆ ತೋರಿಸಿ. ಅವರನ್ನು ಕೇಳದೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆ ಬೇಡ, ರಕ್ತಸ್ರಾವ ಹೆಚ್ಚೀತು. ಜ್ವರ ಇಳಿದ ಮೇಲೂ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಿ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ವಿಚಾರಿಸಿದಾಗ ಇದ್ದದ್ದನ್ನು ಇದ್ದಂತೆ ಹೇಳಿ. ಅಂದಿನ ತಪಾಸಣೆಯವರಂತೆ ರೋಗಿಯನ್ನು ಎಳೆದೊಯ್ಯಲು ಅವಳು ಬಂದವಳಲ್ಲ. ನಿಮ್ಮ ಪಕ್ಕದ ಮನೆಯ ಮಗುವಿನ ಆರೋಗ್ಯವೂ ಆ ಒಂದು ಮಾತಿನಲ್ಲಿದೆ.