ಹಳೆಯ ಎಂಜಿನ್ನಿಗೆ ಹೊಸ ಉಸಿರು

ಕೊಪ್ಪಳದಿಂದ ಹೊಸಪೇಟೆಯ ಕಡೆಗೆ ಸಾಗುವ ರೈಲು ಗಿಣಿಗೇರಾ ನಿಲ್ದಾಣವನ್ನು ಸಮೀಪಿಸುತ್ತಿದ್ದಂತೆ ಕಾರ್ಖಾನೆಗಳ ಎತ್ತರವಾದ ಚಿಮಣಿಗಳು ಕಣ್ಣಿಗೆ ಬೀಳುತ್ತವೆ. ಸಮೀಪದ ಬೇವಿನಹಳ್ಳಿಯಲ್ಲಿರುವ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಕಾದು ಕರಗಿದ ಕಬ್ಬಿಣವನ್ನು ಅಚ್ಚುಗಳಿಗೆ ಸುರಿದು, ಟ್ರ್ಯಾಕ್ಟರು, ಮೋಟಾರು ಗಾಡಿ ಮತ್ತು ಡೀಸೆಲ್ ಎಂಜಿನ್ನುಗಳ ಸಿಲಿಂಡರು ಬ್ಲಾಕುಗಳನ್ನೂ ಹೆಡ್ಡುಗಳನ್ನೂ ಎರಕ ಹೊಯ್ಯುತ್ತಾರೆ. ಗಿಣಿಗೇರಾದ ಕಲ್ಯಾಣಿ ಉಕ್ಕಿನ ಕಾರ್ಖಾನೆಯಲ್ಲಿ ವಾಹನಗಳ ಭಾಗಗಳಿಗೆ ಬೇಕಾದ ಮಿಶ್ರಲೋಹದ ಉಕ್ಕು ತಯಾರಾಗುತ್ತದೆ. ಎಂಜಿನ್ನಿನ ಮೈ ಎರಕದ ಕಬ್ಬಿಣ. ಅದರ ಮೂಳೆ ಉಕ್ಕು. ಇವೆರಡೂ ಒಂದೇ ಊರಿನ ಆಸುಪಾಸಿನಲ್ಲಿ ಹುಟ್ಟುತ್ತಿರುವುದು ವಿಶೇಷವೇ ಸರಿ.

ಇಂಥ ದೊಡ್ಡ ಕಾರ್ಖಾನೆಗಳಲ್ಲಿ ಹುಟ್ಟಿದ ವಸ್ತುವನ್ನು ಮನೆಯ ಅಂಗಳದಲ್ಲಿ ಬಿಚ್ಚಿ ಮತ್ತೆ ಕಟ್ಟಲು ಸಾಧ್ಯವೆ? ಮೂಲೆಯಲ್ಲಿ ಬಿದ್ದಿರುವ ಹಳೆಯ ಸ್ಪೋರ್ಟ್ಸ್ ಕಾರೊಂದರ ಎಂಜಿನ್ನಿಗೆ ಅಂಗಡಿಯಲ್ಲಿ ಈಗ ಬಿಡಿಭಾಗಗಳು ದೊರೆಯುವುದಿಲ್ಲವೆಂದು ಇಟ್ಟುಕೊಳ್ಳೋಣ. ನಾವೇ ಮಾಡಿಕೊಂಡ ಭಾಗಗಳಿಂದ ಅದನ್ನು ಓಡಿಸಬಹುದೆ? ಓಡಿಸಬಹುದು, ಅನೇಕರು ಓಡಿಸಿಯೂ ಇದ್ದಾರೆ. ಆದರೆ ಎಂಜಿನ್ನಿನ ಕೆಲವು ಭಾಗಗಳನ್ನು ದಪ್ಪ ಕಾಗದದಿಂದ ಕತ್ತರಿಸಿ ಮಾಡಬಹುದಾದರೆ, ಇನ್ನು ಕೆಲವಕ್ಕೆ ಬದಲಿ ವಸ್ತುವನ್ನು ಹಾಕಿದರೆ ಪ್ರಾಣಕ್ಕೇ ಅಪಾಯ ಒದಗಬಹುದು. ಯಾವುದು ಯಾವ ಗುಂಪಿಗೆ ಸೇರಿದುದು ಎಂಬುದನ್ನು ತಿಳಿಯಲು ಮೂರು ಪ್ರಶ್ನೆಗಳು ಸಾಕು. ಆ ಭಾಗವು ಎಷ್ಟು ಬಿಸಿಯಾಗುತ್ತದೆ? ಎಷ್ಟು ಸೆಳೆತವನ್ನು ತಾಳಬೇಕಾಗುತ್ತದೆ? ಅದರ ಅಳತೆ ಎಷ್ಟು ಸೂಕ್ಷ್ಮವಾಗಿರಬೇಕು?

ಉದಾಹರಣೆಗೆ ಫಿಯೆಟ್ ೧೧೦೦ ಕಾರಿನ ಎಂಜಿನ್ನನ್ನು ತೆಗೆದುಕೊಳ್ಳೋಣ. ನಮ್ಮ ದೇಶದಲ್ಲಿ ಬಹುಕಾಲ ತಯಾರಾದ ಈ ಮನೆವಾರ್ತೆಯ ಕಾರನ್ನೇ ಸಜ್ಜುಗೊಳಿಸಿ, ಚೆನ್ನೈ ಬಳಿಯ ಶೋಳಾವರಂನ ಹಳೆಯ ವಿಮಾನದಾರಿಯ ಮೇಲೆ ಹಿಂದೆ ನಡೆಯುತ್ತಿದ್ದ ಪಂದ್ಯಗಳಲ್ಲಿ ಓಡಿಸುತ್ತಿದ್ದರು. ಇದರಲ್ಲಿ ನಾಲ್ಕು ಸಿಲಿಂಡರುಗಳಿವೆ. ಒಂದೊಂದರ ವ್ಯಾಸ ೬೮ ಮಿಲಿಮೀಟರು. ಪಿಸ್ಟನ್ನು ಮೇಲಿನಿಂದ ಕೆಳಕ್ಕೆ ಚಲಿಸುವ ದೂರ ೭೫ ಮಿಲಿಮೀಟರು. ಲೆಕ್ಕ ಹಾಕಿದರೆ ಒಟ್ಟು ಗಾತ್ರ ೧,೦೮೯ ಘನ ಸೆಂಟಿಮೀಟರು ಎಂದು ತಿಳಿದುಬರುತ್ತದೆ.

ಸವೆತ ಎಲ್ಲಿ?

ಹಳೆಯ ಎಂಜಿನ್ನಿನ ಹೆಡ್ಡನ್ನು ಕಳಚಿ ಸಿಲಿಂಡರಿನ ಒಳಗೋಡೆಯನ್ನು ಬೆರಳಿನಿಂದ ಸವರಿದರೆ, ಮೇಲ್ಭಾಗದಲ್ಲಿ ಒಂದು ಸಣ್ಣ ಏಣು ತಗಲುತ್ತದೆ. ಅದಕ್ಕೆ ಕೆಳಗಿನ ಭಾಗ ಸವೆದಿದೆ, ಅದು ಮಾತ್ರ ಸವೆದಿಲ್ಲ. ಇದಕ್ಕೆ ಕಾರಣವೇನು? ಪಿಸ್ಟನ್ನು ತನ್ನ ಓಟದ ತುದಿಯನ್ನು ಮುಟ್ಟಿದಾಗ ಅದರ ಮೇಲಿನ ಅನಿಲದ ಒತ್ತಡ ಅತ್ಯಧಿಕ. ಆ ಒತ್ತಡವು ಪಿಸ್ಟನ್ನಿನ ಉಂಗುರಗಳ ಹಿಂದೆ ನುಗ್ಗಿ ಅವನ್ನು ಗೋಡೆಗೆ ಬಲವಾಗಿ ಒತ್ತುತ್ತದೆ. ಉರಿಯ ಬಿಸಿಗೆ ಅಲ್ಲಿ ಎಣ್ಣೆಯೂ ತೆಳುವಾಗಿರುತ್ತದೆ. ಒತ್ತಡ ಹೆಚ್ಚಾಗಿ ಎಣ್ಣೆ ಕಡಿಮೆಯಾದಲ್ಲಿ ಸವೆತ ಹೆಚ್ಚುವುದು ಸಹಜ. ಅಲ್ಲದೆ, ಕನೆಕ್ಟಿಂಗ್ ರಾಡು ಓರೆಯಾಗಿ ತಳ್ಳುವುದರಿಂದ ಒಂದು ಪಕ್ಕ ಹೆಚ್ಚು ಸವೆದು, ದುಂಡಾಗಿದ್ದ ಸಿಲಿಂಡರು ಕಾಲಕ್ರಮದಲ್ಲಿ ತುಸು ಅಂಡಾಕಾರವನ್ನು ತಾಳುತ್ತದೆ.

ಇಷ್ಟಾದರೂ ಎರಕದ ಕಬ್ಬಿಣ ಬಹುಕಾಲ ಬಾಳುತ್ತದೆ. ಅದರಲ್ಲಿ ಬೆರೆತಿರುವ ನೂರಕ್ಕೆ ಮೂರು ನಾಲ್ಕು ಪಾಲು ಇಂಗಾಲದ ಹೆಚ್ಚಿನ ಅಂಶವು ಗ್ರಾಫೈಟಿನ ಸಣ್ಣ ಹಲ್ಲೆಗಳಾಗಿ ಲೋಹದೊಳಗೆ ಹರಡಿಕೊಂಡಿರುತ್ತದೆ. ಪೆನ್ಸಿಲಿನ ಕಡ್ಡಿಯಲ್ಲಿರುವ ಈ ಗ್ರಾಫೈಟು ತಾನೂ ನುಣುಪು. ಎಣ್ಣೆಯನ್ನು ಹಿಡಿದಿಡುವುದಕ್ಕೂ ಅದು ನೆರವಾಗುತ್ತದೆ.

ಸವೆದ ಸಿಲಿಂಡರನ್ನು ಕಾಲು ಅಥವಾ ಅರ್ಧ ಮಿಲಿಮೀಟರಿನಷ್ಟು ಅಗಲವಾಗಿ ಕೊರೆಸಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ನನ್ನು ಹಾಕುವುದು ವಾಡಿಕೆ. ಅದಕ್ಕೂ ಮೀರಿ ಸವೆದಿದ್ದರೆ ಒಳಗೆ ಕಬ್ಬಿಣದ ತೋಳನ್ನು, ಎಂದರೆ ಸ್ಲೀವನ್ನು, ತೊಡಿಸಿ ಮೊದಲಿನ ಅಳತೆಗೇ ತರಬಹುದು. ಈ ಕೆಲಸ ಮನೆಯಲ್ಲಿ ಆಗತಕ್ಕದ್ದಲ್ಲ. ಬೋರಿಂಗ್ ಯಂತ್ರವುಳ್ಳ ವರ್ಕ್‌ಷಾಪಿಗೆ ಬ್ಲಾಕನ್ನು ಒಯ್ಯಲೇಬೇಕು.

ಹಿಗ್ಗುವ ಲೋಹದ ಲೆಕ್ಕ

ದೊಡ್ಡ ಪಿಸ್ಟನ್ನು ದೊರೆಯದಿದ್ದರೆ ಅಲ್ಯೂಮಿನಿಯಮ್ಮನ್ನು ಕರಗಿಸಿ ಎರಕ ಹೊಯ್ದು, ಲೇತಿನ ಮೇಲೆ ಸರಿಯಾಗಿ ೬೮ ಮಿಲಿಮೀಟರಿಗೆ ತಿರುವಿದರಾಯಿತು ಎಂದು ತೋರಬಹುದು. ಹಾಗೆ ಮಾಡಿದ ಪಿಸ್ಟನ್ನು ಸಿಲಿಂಡರಿನೊಳಗೆ ಹೋಗುವುದೇ ಕಷ್ಟ. ಹೋದರೂ ಕೆಲವೇ ನಿಮಿಷಗಳಲ್ಲಿ ಬಿಗಿದು ನಿಲ್ಲುತ್ತದೆ.

ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಸಿ ತೊಡಿಸುವುದನ್ನು ಹಿರಿಯರು ಕಂಡಿದ್ದಾರೆ. ಕಾದಾಗ ಹಿಗ್ಗಿದ ಪಟ್ಟಿ ಆರಿದಾಗ ಕುಗ್ಗಿ ಮರವನ್ನು ಬಿಗಿಹಿಡಿಯುತ್ತದೆ. ಎಂಜಿನ್ನಿನಲ್ಲಿಯೂ ಇದೇ ನಿಯಮ. ಪಿಸ್ಟನ್ನುಗಳ ಅಲ್ಯೂಮಿನಿಯಮ್ ಮಿಶ್ರಲೋಹವು ಒಂದು ಡಿಗ್ರಿ ಸೆಂಟಿಗ್ರೇಡಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ೨೦ ಪಾಲು ಹಿಗ್ಗುತ್ತದೆ. ಎರಕದ ಕಬ್ಬಿಣ ಸುಮಾರು ೧೧ ಪಾಲು. ಪಿಸ್ಟನ್ನಿನ ನೆತ್ತಿಯ ಉಷ್ಣತೆ ೨೦೦ ಡಿಗ್ರಿ ಏರಿದರೆ ಅದರ ವ್ಯಾಸ ಸುಮಾರು ೦.೨೭ ಮಿಲಿಮೀಟರು ಹೆಚ್ಚುತ್ತದೆ. ನೀರಿನಿಂದ ತಂಪಾಗುವ ಗೋಡೆಯ ಉಷ್ಣತೆ ೮೦ ಡಿಗ್ರಿ ಏರಿದರೆ ಸಿಲಿಂಡರಿನ ವ್ಯಾಸ ಹೆಚ್ಚುವುದು ೦.೦೬ ಮಿಲಿಮೀಟರು ಮಾತ್ರ. ಉಳಿದ ೦.೨೧ ಮಿಲಿಮೀಟರಿಗೆ ಮೊದಲೇ ಜಾಗ ಬಿಟ್ಟಿರಬೇಕು.

ಆದುದರಿಂದ ಪಿಸ್ಟನ್ನು ನೋಡಲು ನೆಟ್ಟಗಿದ್ದರೂ ನಿಜವಾಗಿ ನೆಟ್ಟಗಿಲ್ಲ. ಹೆಚ್ಚು ಕಾಯುವ ನೆತ್ತಿಯನ್ನು ಕಿರಿದಾಗಿಯೂ, ಕಡಿಮೆ ಕಾಯುವ ಕೆಳಭಾಗವನ್ನು ತುಸು ಅಗಲವಾಗಿಯೂ ಮಾಡಿರುತ್ತಾರೆ. ಕೆಳಭಾಗಕ್ಕೂ ಗೋಡೆಗೂ ನಡುವೆ ಉಳಿಯುವ ಸಂದು ಸುಮಾರು ೦.೦೫ ಮಿಲಿಮೀಟರು, ಎಂದರೆ ತಲೆಗೂದಲಿನ ದಪ್ಪಕ್ಕಿಂತ ಹೆಚ್ಚಿಲ್ಲ. ಉಂಗುರದ ತುದಿಗಳ ನಡುವೆಯೂ ಸಂದು ಬೇಕು. ೬೮ ಮಿಲಿಮೀಟರು ವ್ಯಾಸದ ಉಂಗುರದ ಸುತ್ತಳತೆ ಸುಮಾರು ೨೧೪ ಮಿಲಿಮೀಟರು. ಅದು ೧೦೦ ಡಿಗ್ರಿ ಕಾದರೆ ಕಾಲು ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಸಂದು ಸಾಲದಿದ್ದರೆ ತುದಿಗಳು ಒಂದಕ್ಕೊಂದು ಒತ್ತಿ ಉಂಗುರ ಮುರಿಯುತ್ತದೆ. ಅತಿಯಾದರೆ ಅನಿಲ ಸೋರುತ್ತದೆ. ಬೇರೆ ಗಾಡಿಯ ಉಂಗುರವು ಅಗಲ ದಪ್ಪಗಳಲ್ಲಿ ಹೊಂದುವಂತಿದ್ದರೆ, ಅದರ ತುದಿಯನ್ನು ಅರದಿಂದ ಉಜ್ಜಿ, ಸಿಲಿಂಡರಿನೊಳಗಿಟ್ಟು ಫೀಲರ್ ಗೇಜಿನಿಂದ ಅಳೆದು ಸರಿಪಡಿಸಬಹುದು. ಮನೆಯಲ್ಲಿ ಮಾಡಬಹುದಾದ ನಾಜೂಕಿನ ಕೆಲಸಗಳಲ್ಲಿ ಇದೂ ಒಂದು.

ವೇಗ ಇಮ್ಮಡಿ, ಸೆಳೆತ ನಾಲ್ಮಡಿ

ಈಗ ಎರಡನೆಯ ಪ್ರಶ್ನೆಗೆ ಬರೋಣ. ಸ್ಪೋರ್ಟ್ಸ್ ಕಾರಿನ ಎಂಜಿನ್ನನ್ನು ಹೆಚ್ಚು ವೇಗವಾಗಿ ತಿರುಗಿಸುತ್ತಾರೆ. ನಿಮಿಷಕ್ಕೆ ೫,೦೦೦ ಸುತ್ತು ಎಂದರೆ ಸೆಕೆಂಡಿಗೆ ೮೩ ಸುತ್ತು; ಸುತ್ತಿಗೆ ಎರಡು ಸಲದಂತೆ ಪಿಸ್ಟನ್ನು ಸೆಕೆಂಡಿಗೆ ೧೬೬ ಸಲ ನಿಂತು ಹಿಂದಿರುಗುತ್ತದೆ. ವರ್ತುಲ ಚಲನೆಯ ಸೂತ್ರವನ್ನು ಬಲ್ಲ ವಿದ್ಯಾರ್ಥಿಗಳು ಇದರ ವೇಗೋತ್ಕರ್ಷವನ್ನು ತಾವೇ ಲೆಕ್ಕ ಹಾಕಬಹುದು. ಕ್ರ್ಯಾಂಕಿನ ತ್ರಿಜ್ಯ ೩೭.೫ ಮಿಲಿಮೀಟರು, ಅದನ್ನು ಕೋನವೇಗದ ವರ್ಗದಿಂದ ಗುಣಿಸಿದರೆ ಗುರುತ್ವ ವೇಗೋತ್ಕರ್ಷದ ಸಾವಿರ ಪಟ್ಟಿಗೂ ಹೆಚ್ಚಿನ ಬೆಲೆ ಬರುತ್ತದೆ. ಪಿಸ್ಟನ್ನು ಮತ್ತು ಅದರೊಡನೆ ಮೇಲೆ ಕೆಳಗೆ ಚಲಿಸುವ ಭಾಗಗಳ ತೂಕ ಅರ್ಧ ಕಿಲೋಗ್ರಾಂ ಎಂದಿಟ್ಟುಕೊಂಡರೆ, ಓಟದ ತುದಿಯಲ್ಲಿ ಅದನ್ನು ಹಿಂದಕ್ಕೆ ಎಳೆಯಲು ಅರ್ಧ ಟನ್ನಿಗೂ ಮಿಕ್ಕ ಬಲ ಬೇಕು!

ಈ ಸೆಳೆತವನ್ನೆಲ್ಲ ತಾಳುವುದು ಕನೆಕ್ಟಿಂಗ್ ರಾಡು ಮತ್ತು ಅದರ ಎರಡು ಬೋಲ್ಟುಗಳು. ವೇಗವನ್ನು ೨,೫೦೦ ಸುತ್ತಿಗೆ ಇಳಿಸಿದರೆ ಸೆಳೆತ ಕಾಲುಭಾಗಕ್ಕೆ ಇಳಿಯುತ್ತದೆ. ಏರಿಸಿದರೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಮೆಲ್ಲಗೆ ಓಡುವಾಗ ತಾಳಿಕೊಂಡ ಬೋಲ್ಟು ಪಂದ್ಯದ ವೇಗದಲ್ಲಿ ತಾಳಲಾರದಿರುವುದಕ್ಕೆ ಇದೇ ಕಾರಣ. ಅಲ್ಲದೆ ಲಕ್ಷಾಂತರ ಸಲ ಎಳೆದು ಬಿಟ್ಟ ಲೋಹ ದಣಿಯುತ್ತದೆ. ಅರದ ಗೀರೊಂದೇ ಸಾಕು, ಅಲ್ಲಿಂದ ಬಿರುಕು ಹುಟ್ಟಿ ದಿನೇ ದಿನೇ ಒಳಗೆ ಬೆಳೆಯುತ್ತದೆ. ಕೊನೆಗೊಮ್ಮೆ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಮುರಿದ ರಾಡು ಎರಕದ ಬ್ಲಾಕನ್ನು ಒಡೆದು ಹೊರಗೆ ಸಿಡಿಯುವುದುಂಟು. ಆದುದರಿಂದ ಈ ಬೋಲ್ಟುಗಳಿಗೆ ಬದಲಾಗಿ ಸಂತೆಯ ಬೋಲ್ಟುಗಳನ್ನು ಹಾಕುವುದು ಸಲ್ಲದು. ಮಿಶ್ರಲೋಹದ ಉಕ್ಕನ್ನು ಹದವಾಗಿ ಕಾಸಿ ತಣಿಸಿ ಮಾಡಿದ, ತಕ್ಕ ಶಕ್ತಿಯುಳ್ಳ ಬೋಲ್ಟುಗಳೇ ಬೇಕು.

ಅಂಗಳದಲ್ಲಿ ಆಗುವ ಕೆಲಸಗಳು

ಹಾಗೆಂದು ಮನೆಯಲ್ಲಿ ಏನೂ ಆಗದೆಂದು ತಿಳಿಯಬಾರದು. ಬಿಸಿಯೂ ಸೆಳೆತವೂ ಹೆಚ್ಚಿಲ್ಲದ ಕಡೆ ಉಪಾಯಕ್ಕೆ ಬೇಕಾದಷ್ಟು ಅವಕಾಶವಿದೆ. ಎಣ್ಣೆಯ ತೊಟ್ಟಿಯ ಗ್ಯಾಸ್ಕೆಟ್ಟಿಗೆ ದಪ್ಪ ಕಾಗದ ಸಾಕು. ಅದನ್ನು ಲೋಹದ ಅಂಚಿನ ಮೇಲೆ ಹರಡಿ, ಗುಂಡುತಲೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಅಂಚಿನ ಆಕಾರವೇ ಮೂಡಿ ಕಾಗದ ಕತ್ತರಿಸುತ್ತದೆ. ತಗಡಿನ ಪಟ್ಟಿಯನ್ನು ದುಂಡಾಗಿ ಬಗ್ಗಿಸಿ ಕ್ಲಿಪ್ಪಿನಿಂದ ಬಿಗಿದರೆ, ಉಂಗುರಗಳನ್ನು ಅದುಮಿ ಪಿಸ್ಟನ್ನನ್ನು ಸಿಲಿಂಡರಿಗೆ ಇಳಿಸುವ ಸಾಧನವಾಗುತ್ತದೆ. ಪಿಸ್ಟನ್ನನ್ನು ಕುದಿಯುವ ನೀರಿನಲ್ಲಿ ಕಾಸಿದರೆ, ಬಿಗಿಯಾಗಿದ್ದ ಪಿನ್ನು ಸುತ್ತಿಗೆಯ ಪೆಟ್ಟಿಲ್ಲದೆ ಜಾರುತ್ತದೆ. ಹಿಗ್ಗುವ ಲೋಹವು ಇಲ್ಲಿ ನಮ್ಮ ಮಿತ್ರ.

ಹೆಡ್ಡಿನ ಗ್ಯಾಸ್ಕೆಟ್ಟಿನ ಮಾತು ಬೇರೆ. ಅದು ಉರಿಯ ಎದುರಿಗೇ ಇರುವುದರಿಂದ ಕಾಗದ ನಡೆಯದು. ತಾಮ್ರದ ಹಾಳೆಯದಾದರೆ, ಅದನ್ನು ಕೆಂಪಗೆ ಕಾಸಿ ನೀರಿಗೆ ಅದ್ದಿ ಮತ್ತೆ ಮೆದುವಾಗಿಸಬಹುದು. ಉಕ್ಕು ಹೀಗೆ ಮಾಡಿದರೆ ಗಡುಸಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಒಣಗಿದ್ದಾಗ ಅದನ್ನು ಕೆರೆಯಲೇಬಾರದು.

ಕವಾಟಗಳು ಸರಿಯಾಗಿ ಕೂತಿವೆಯೆ ಎಂದು ನೋಡಲು, ಹೆಡ್ಡನ್ನು ಬೋರಲಾಗಿಟ್ಟು ಉರಿಯುವ ಕುಳಿಯಲ್ಲಿ ಸ್ವಲ್ಪ ಸೀಮೆಎಣ್ಣೆ ಸುರಿಯಬೇಕು. ಕೆಳಗೆ ಜಿನುಗಿದರೆ, ಉಜ್ಜುವ ಪೇಸ್ಟನ್ನು ಹಚ್ಚಿ ಕವಾಟವನ್ನು ಅದರ ಪೀಠದ ಮೇಲೆ ಇನ್ನಷ್ಟು ತಿರುವಬೇಕು. ತಾಳ್ಮೆಯೇ ಇದರ ಮುಖ್ಯ ಉಪಕರಣ.

ಇಬ್ಬರು ಸಾಧಕರು

೧೯೪೮ರಲ್ಲಿ, ಲಂಡನ್ನಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಕಾಲಿನ್ ಚಾಪ್‌ಮನ್ ಎಂಬ ತರುಣನು ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಸಣ್ಣ ಗ್ಯಾರೇಜಿನಲ್ಲಿ ಮರುಕಟ್ಟಿದನು. ಮುಂದೆ ಪ್ರಸಿದ್ಧವಾದ ಲೋಟಸ್ ಕಾರುಗಳಿಗೆ ಅದೇ ಮೊದಲು. ಆ ಎಂಜಿನ್ನಿನ ಗಾತ್ರ ೭೪೭ ಘನ ಸೆಂಟಿಮೀಟರು. ಸಿಲಿಂಡರುಗಳು ನಾಲ್ಕಾದರೂ ಮಿಶ್ರಣ ಒಳಬರುವ ಬಾಗಿಲುಗಳು ಎರಡೇ. ಅಕ್ಕಪಕ್ಕದ ಎರಡು ಸಿಲಿಂಡರುಗಳಿಗೆ ಒಂದು ಬಾಗಿಲು. ಅವೆರಡೂ ಒಂದರ ಹಿಂದೊಂದು ಉಸಿರೆಳೆಯುತ್ತಿದ್ದುದರಿಂದ ಒಂದರ ಪಾಲನ್ನು ಇನ್ನೊಂದು ಕಸಿಯುತ್ತಿತ್ತು. ೧೯೫೧ರ ಕಾರಿನಲ್ಲಿ ಚಾಪ್‌ಮನ್ ಆ ಬಾಗಿಲುಗಳೊಳಗೆ ಲೋಹದ ನಡುಗೋಡೆಯನ್ನು ಕೂಡಿಸಿ ದಾರಿಯನ್ನು ಇಬ್ಭಾಗ ಮಾಡಿದನು. ಕಾರು ಪಂದ್ಯಗಳಲ್ಲಿ ಎಷ್ಟು ಮುಂದೆ ಹೋಯಿತೆಂದರೆ, ಪಂದ್ಯದ ಸಂಘವು ಆ ಉಪಾಯವನ್ನೇ ನಿಷೇಧಿಸಬೇಕಾಯಿತು! ಆ ನಡುಗೋಡೆಗೆ ಹೆಚ್ಚಿನ ಸೆಳೆತವಿಲ್ಲ, ಬಿಸಿಯೂ ಅಲ್ಪ. ಬೇಕಾದುದು ಕಾರಣವನ್ನು ಕಾಣುವ ಬುದ್ಧಿ.

ಇನ್ನೊಬ್ಬನು ನ್ಯೂಜಿಲೆಂಡಿನ ಬರ್ಟ್ ಮನ್ರೋ. ಅವನದು ೧೯೨೦ರ ಇಂಡಿಯನ್ ಮೋಟಾರ್ ಸೈಕಲ್ಲು. ಹಳೆಯ ಡಬ್ಬಿಗಳನ್ನೇ ಅಚ್ಚಾಗಿಸಿ ಪಿಸ್ಟನ್ನು ಎರಕ ಹೊಯ್ದು, ಟ್ರ್ಯಾಕ್ಟರಿನ ಅಚ್ಚುಕಂಬಿಯ ಉಕ್ಕಿನಿಂದ ಕನೆಕ್ಟಿಂಗ್ ರಾಡು ಕಡೆದು, ೧೯೬೭ರಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ ಸುಮಾರು ೨೯೫ ಕಿಲೋಮೀಟರು ವೇಗದ ದಾಖಲೆಯನ್ನು ಸ್ಥಾಪಿಸಿದನು. ಆದರೆ ಅವನ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಹಲಗೆಯಿತ್ತು. ಒಡೆದ ಪಿಸ್ಟನ್ನುಗಳನ್ನೂ ಮುರಿದ ಭಾಗಗಳನ್ನೂ ಅದರ ಮೇಲೆ ಸಾಲಾಗಿಟ್ಟು, ವೇಗದ ದೇವರಿಗೆ ಅರ್ಪಿಸಿದ ಕಾಣಿಕೆಗಳೆಂದು ಬರೆದಿದ್ದನು. ದಶಕಗಳ ಕಾಲ ಮುರಿದು, ಮುರಿದುದೇಕೆಂದು ನೋಡಿ, ಮತ್ತೆ ಮಾಡಿದುದರ ಫಲವೇ ಆ ದಾಖಲೆ.

ಗಂಗಾವತಿಯ ಗದ್ದೆಗಳಲ್ಲಿ ಓಡುವ ಟ್ರ್ಯಾಕ್ಟರಿಗೂ, ನೀರೆತ್ತುವ ಡೀಸೆಲ್ ಎಂಜಿನ್ನಿಗೂ ಇವೇ ನಿಯಮಗಳು ಅನ್ವಯಿಸುತ್ತವೆ. ಬೆಳೆ ಒಣಗುತ್ತಿರುವಾಗ ಎಂಜಿನ್ನು ನಿಂತರೆ, ಯಾವ ಭಾಗಕ್ಕೆ ಉಪಾಯ ಸಾಕು, ಯಾವುದಕ್ಕೆ ಸಾಲದು ಎಂಬುದನ್ನು ಬಲ್ಲವನು ಊರಿಗೇ ಉಪಕಾರಿ. ಹತ್ತಿರದ ಗ್ಯಾರೇಜಿನಲ್ಲಿ ಎಸೆದಿರುವ ಹಳೆಯ ಪಿಸ್ಟನ್ನೊಂದನ್ನು ಕೇಳಿ ತಂದು, ಕಾಲೇಜಿನ ಮೈಕ್ರೋಮೀಟರಿನಿಂದ ಅದರ ನೆತ್ತಿಯನ್ನೂ ಕೆಳಭಾಗವನ್ನೂ ಅಳೆಯಿರಿ. ಎರಡು ಅಳತೆಗಳೂ ಬೇರೆ ಬೇರೆಯಾಗಿರುತ್ತವೆ. ಏಕೆಂಬುದನ್ನು ನಾವು ಈಗ ಬಲ್ಲೆವು.