ಅಂಚಿಗೆ ಅಂಟಿದ ಡಿಎನ್ಎ ಎಲ್ಲಿಗೆ ಹೋಗುತ್ತದೆ?

ನಮ್ಮ ಜೀವಕೋಶದ ಕೋಶಕೇಂದ್ರದೊಳಗೆ (ನ್ಯೂಕ್ಲಿಯಸ್) ಸುಮಾರು 2 ಮೀಟರ್ ಡಿಎನ್ಎ ಇದೆ. ಕೋಶಕೇಂದ್ರದ ಒಳಅಂಚಿಗೆ ಲ್ಯಾಮಿನ್ ಪ್ರೋಟೀನಿನ ಬಲೆ; ಹೆಚ್ಚಾಗಿ ಸುಮ್ಮನಿರುವ ಜೀನ್‌ಗಳು ಅದಕ್ಕೆ ಅಂಟಿಕೊಂಡಿರುತ್ತವೆ.

ಕೋಶ ವಿಭಜನೆ ಶುರುವಾದಾಗ ನೋಡಿ. ಸಿಡಿಕೆ1 ಎಂಬ ಕಿಣ್ವ ಲ್ಯಾಮಿನ್‌ಗೆ ಫಾಸ್ಫೇಟ್ ಸೇರಿಸುತ್ತದೆ. ಬಲೆ ಬಿಚ್ಚಿಹೋಗುತ್ತದೆ, ಕೋಶಕೇಂದ್ರದ ಪೊರೆ ಒಡೆಯುತ್ತದೆ, ಅಂಟಿದ್ದ ಡಿಎನ್ಎ ಕಳಚಿಕೊಂಡು ಬಿಗಿಯಾದ ವರ್ಣತಂತುಗಳಾಗಿ ಸುತ್ತಿಕೊಳ್ಳುತ್ತದೆ.

ಎರಡು ಮರಿಕೋಶಗಳಲ್ಲಿ ಬಲೆ ಮತ್ತೆ ಹೆಣೆದುಕೊಳ್ಳುತ್ತದೆ. ಆಗ ಎಲ್ಲವೂ ಹಳೆಯ ಜಾಗಕ್ಕೇ ಮರಳುತ್ತವೆಯೇ? ಇಲ್ಲ! ನಿಜವಾದ ಬೆರಗು ಇರುವುದು ಇಲ್ಲೇ. 2013ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ತಾಯಿಕೋಶದಲ್ಲಿ ಅಂಚನ್ನು ಮುಟ್ಟಿದ್ದ ಡಿಎನ್ಎಗೆ ಗುರುತು ಹಾಕಿ, ಮರಿಕೋಶಗಳಲ್ಲಿ ಹುಡುಕಿದರು. ಕೆಲವು ಭಾಗಗಳು ಮತ್ತೆ ಅಂಚಿಗೆ ಬಂದಿದ್ದವು. ಉಳಿದವು ಒಳಗೆ, ಕೆಲವಂತೂ ಕೋಶಕೇಂದ್ರದೊಳಗಿನ ಕಿರುಕೋಶಕೇಂದ್ರದ (ನ್ಯೂಕ್ಲಿಯೋಲಸ್) ಸುತ್ತ! ತಾಯಿಕೋಶದ ಜೋಡಣೆ ಮರಿಕೋಶಕ್ಕೆ ಹಾಗೆಯೇ ಇಳಿದು ಬರುವುದಿಲ್ಲ.