ಆಕಾಶಯುದ್ಧದ ಲೆಕ್ಕಾಚಾರ

೧೯೪೦ನೆಯ ಇಸವಿ ಸೆಪ್ಟೆಂಬರ್ ೧೫, ಭಾನುವಾರ. ಜರ್ಮನಿಯ ಬಾಂಬರ್ ವಿಮಾನಗಳು ಲಂಡನ್ ನಗರದ ಮೇಲೆ ಎರಡು ಸಲ ದಂಡೆತ್ತಿ ಬಂದುವು. ಬ್ರಿಟನ್ನಿನ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳು ಅವನ್ನು ಎದುರಿಸಿ ಕಾದಾಡಿದುವು. ಆ ಒಂದೇ ದಿನ ಶತ್ರುವಿನ ೧೮೫ ವಿಮಾನಗಳನ್ನು ಉರುಳಿಸಿದೆವೆಂದು ಬ್ರಿಟಿಷರು ಸಾರಿದರು. ಯುದ್ಧ ಮುಗಿದ ತರುವಾಯ ಜರ್ಮನ್ ವಾಯುಪಡೆಯ ದಫ್ತರಗಳು ಗೆದ್ದವರ ಕೈಸೇರಿದುವು. ಅವುಗಳೊಡನೆ ತಾಳೆ ನೋಡಿದಾಗ, ಆ ದಿನ ನಷ್ಟವಾದ ಜರ್ಮನ್ ವಿಮಾನಗಳು ಸುಮಾರು ೬೦ ಮಾತ್ರವೆಂದು ತಿಳಿಯಿತು. ಹಾಗಾದರೆ ವಿಮಾನಚಾಲಕರು ಸುಳ್ಳು ಹೇಳಿದರೆ?

ಹಾಗೆಂದು ತೀರ್ಮಾನಿಸುವ ಮುನ್ನ ಕಾಳಗದ ಸ್ವರೂಪವನ್ನು ನೋಡೋಣ. ಗಂಟೆಗೆ ೫೦೦ ಕಿಲೋಮೀಟರ್ ವೇಗದ ವಿಮಾನ ಒಂದು ಸೆಕೆಂಡಿನಲ್ಲಿ ಸುಮಾರು ೧೪೦ ಮೀಟರ್ ಕ್ರಮಿಸುತ್ತದೆ. ಸ್ಪಿಟ್‌ಫೈರಿನ ಎಂಟು ಮೆಷಿನ್ ಗನ್ನುಗಳಲ್ಲಿದ್ದ ಮದ್ದುಗುಂಡು ಸುಮಾರು ೧೫ ಸೆಕೆಂಡುಗಳಿಗೆ ಮಾತ್ರ ಸಾಲುತ್ತಿತ್ತು. ಗುಂಡು ತಗಲಿದ ವಿಮಾನ ನೆಲಕ್ಕೆ ಬೀಳುವವರೆಗೆ ನೋಡುತ್ತ ನಿಂತವನು ಬೆನ್ನ ಹಿಂದಿನ ಶತ್ರುವಿಗೆ ಬಲಿಯಾಗುವನು. ಆದುದರಿಂದ ಚಾಲಕನು ಗುಂಡು ಹಾರಿಸಿ ಒಡನೆಯೇ ತಿರುಗಿ ಬಿಡುವನು. ಶತ್ರುವಿಮಾನ ಕಪ್ಪು ಹೊಗೆ ಕಾರುತ್ತ ಮೋಡದೊಳಗೆ ಇಳಿದುದಷ್ಟೇ ಅವನಿಗೆ ಕಂಡದ್ದು. ಆ ಹೊಗೆ ಬೆಂಕಿಯದೋ, ತಪ್ಪಿಸಿಕೊಳ್ಳಲು ಇಂಜಿನ್ನನ್ನು ಪೂರ್ಣಶಕ್ತಿಯಲ್ಲಿ ಓಡಿಸಿದಾಗ ಬಂದದ್ದೋ, ಹೇಳಬಲ್ಲವರು ಯಾರು?

ಅದೇ ದಿನ ಲಂಡನ್ನಿನ ವಿಕ್ಟೋರಿಯ ರೈಲು ನಿಲ್ದಾಣದ ಬಳಿ ಒಂದು ಡೋರ್ನಿಯರ್ ಬಾಂಬರ್ ಬಿದ್ದಿತು. ಅದಕ್ಕೆ ಹಲವು ಚಾಲಕರು ಗುಂಡು ಹೊಡೆದಿದ್ದರು. ಕೊನೆಗೆ ಸಾರ್ಜೆಂಟ್ ರೇ ಹೋಮ್ಸ್ ಎಂಬಾತನು ತನ್ನ ಹರಿಕೇನನ್ನೇ ಅದಕ್ಕೆ ಡಿಕ್ಕಿ ಹೊಡೆಸಿ, ಪ್ಯಾರಾಚೂಟಿನಿಂದ ಇಳಿದು ಬದುಕಿದನು. ಇಂಥ ಒಂದು ವಿಮಾನವನ್ನು ಹೊಡೆದ ನಾಲ್ವರು ಪ್ರಾಮಾಣಿಕವಾಗಿ ತಮ್ಮ ತಮ್ಮ ವರದಿ ಬರೆದರೆ, ಕಾಗದದ ಮೇಲೆ ನಾಲ್ಕು ವಿಮಾನಗಳು ಬಿದ್ದಂತಾಯಿತು!

ನಾವು ಪ್ರಯೋಗಶಾಲೆಯಲ್ಲಿ ಎರಡು ಬಗೆಯ ದೋಷಗಳನ್ನು ಕಾಣುತ್ತೇವೆ. ಸ್ಕ್ರೂ ಗೇಜಿನಿಂದ ತಂತಿಯ ದಪ್ಪವನ್ನು ಅಳೆಯುವಾಗ ಒಮ್ಮೆ ತುಸು ಹೆಚ್ಚು, ಒಮ್ಮೆ ತುಸು ಕಡಿಮೆ ಬರುತ್ತದೆ. ಹಲವು ಅಳತೆಗಳ ಸರಾಸರಿ ತೆಗೆದರೆ ಈ ಆಕಸ್ಮಿಕ ದೋಷ ಬಹುಮಟ್ಟಿಗೆ ಅಳಿಯುತ್ತದೆ. ಗೇಜಿನಲ್ಲಿಯೇ ಶೂನ್ಯದೋಷವಿದ್ದರೆ ಸಾವಿರ ಸಲ ಅಳೆದರೂ ಅದು ಹೋಗದು. ಚಾಲಕರ ಎಣಿಕೆಯ ದೋಷ ಈ ಎರಡನೆಯ ಬಗೆಯದು. ಯಾರ ಕಣ್ಣಿಗೂ ಬೀಳದೆ ಸಮುದ್ರ ಸೇರಿದ ವಿಮಾನಗಳೂ ಕೆಲವುಂಟು. ಆದರೆ ಎರಡೆರಡು ಸಲ ಎಣಿಕೆಯಾದವು ಅವಕ್ಕಿಂತ ಬಹಳ ಹೆಚ್ಚು. ಒಂದೇ ಕಾಳಗದಲ್ಲಿ ಸಾಕ್ಷಿಗಳು ಹೆಚ್ಚಿದಷ್ಟೂ ತಪ್ಪು ಬೆಳೆಯುತ್ತದೆ. ಜುಲೈಯಿಂದ ಅಕ್ಟೋಬರ್‌ವರೆಗಿನ ಇಡೀ ಬ್ರಿಟನ್ ಕದನದಲ್ಲಿ ಬ್ರಿಟಿಷರ ಎಣಿಕೆ ಸುಮಾರು ೨,೭೦೦. ನಿಜವಾದ ಜರ್ಮನ್ ನಷ್ಟ ೧,೭೦೦ಕ್ಕೆ ಸ್ವಲ್ಪ ಮೇಲೆ. ಅಂದರೆ ಒಂದೂವರೆ ಪಟ್ಟಿನಷ್ಟು ಉತ್ಪ್ರೇಕ್ಷೆ. ನೂರಾರು ವಿಮಾನಗಳು ಒಂದೇ ಆಕಾಶದಲ್ಲಿ ಸೆಣಸಿದ ಸೆಪ್ಟೆಂಬರ್ ೧೫ರಂದು ಅದು ಮೂರು ಪಟ್ಟಾಯಿತು.

ಆದುದರಿಂದ ಸಂಶೋಧಕರು ಪ್ರಶ್ನೆಯನ್ನೇ ತಿರುಗಿಸಿದರು. 'ಯಾರು ಎಷ್ಟನ್ನು ಉರುಳಿಸಿದರು?' ಎನ್ನುವುದರ ಬದಲು 'ಯಾವ ವಿಮಾನ ಮರಳಿ ಬರಲಿಲ್ಲ?' ಎಂದು ಕೇಳಿದರು. ಪ್ರತಿ ವಿಮಾನಕ್ಕೂ ಕಾರ್ಖಾನೆಯಲ್ಲಿ ಕೊಟ್ಟ ಸಂಖ್ಯೆಯೊಂದಿರುತ್ತದೆ. ಅದು ಒಂದು ಸಲ ಮಾತ್ರ ನಷ್ಟವಾಗಬಲ್ಲದು. ಜರ್ಮನ್ ಉಗ್ರಾಣಾಧಿಕಾರಿಗಳ ಪುಸ್ತಕಗಳಲ್ಲಿ ಹಾನಿಯನ್ನು ಶೇಕಡಾ ಲೆಕ್ಕದಲ್ಲಿ ಬರೆಯುತ್ತಿದ್ದರು. ಬದಲಿ ವಿಮಾನ ತರಿಸಲು ಆ ಲೆಕ್ಕವೇ ಆಧಾರವಾದುದರಿಂದ ನಷ್ಟವನ್ನು ಮುಚ್ಚಿಡುವುದರಿಂದ ಅವರಿಗೆ ಲಾಭವಿರಲಿಲ್ಲ. ಅಪಘಾತದಲ್ಲಿ ಕೆಟ್ಟ ವಿಮಾನಗಳೂ ಅದರಲ್ಲಿ ಸೇರಿದ್ದುವು. ಆದುದರಿಂದ ದಿನ, ಗಂಟೆ, ಸ್ಥಳ, ವಿಮಾನದ ಜಾತಿ, ನೆಲದ ಮೇಲೆ ದೊರೆತ ಅವಶೇಷ, ಇವೆಲ್ಲವನ್ನೂ ಚಾಲಕರ ವರದಿಗಳೊಡನೆ ಒಂದೊಂದಾಗಿ ಹೊಂದಿಸಿ ನೋಡಬೇಕಾಯಿತು.

ಇದು ಬರಿಯ ಅಂಕಿಗಳ ಆಟವಲ್ಲ. ಜರ್ಮನ್ ಚಾಲಕರ ಎಣಿಕೆಯೂ ಹೀಗೆಯೇ ಉಬ್ಬಿತ್ತು. ಅವರ ಗುಪ್ತಚಾರ ವಿಭಾಗ ಅದನ್ನು ನಂಬಿ, ಬ್ರಿಟನ್ನಿನ ಕಾರ್ಖಾನೆಗಳ ಉತ್ಪಾದನೆಯನ್ನೂ ಕಡಿಮೆಯಾಗಿ ಅಂದಾಜು ಮಾಡಿ, ಎದುರಾಳಿಯ ಕಾಳಗ ವಿಮಾನಗಳು ಮುಗಿಯುತ್ತ ಬಂದುವೆಂದು ಭಾವಿಸಿತು. ಸೆಪ್ಟೆಂಬರ್ ೧೫ರಂದು ಬಂದ ಬಾಂಬರುಗಳ ಸಿಬ್ಬಂದಿಗೆ ಕಂಡದ್ದು ಬ್ರಿಟಿಷ್ ವಿಮಾನಗಳಿಂದ ತುಂಬಿದ ಆಕಾಶ. ಆ ತಪ್ಪೆಣಿಕೆಯ ಬೆಲೆಯನ್ನು ಅವರು ಪ್ರಾಣದಿಂದ ತೆತ್ತರು. ಎರಡು ದಿನಗಳ ಮೇಲೆ ಹಿಟ್ಲರನು ಬ್ರಿಟನ್ನಿನ ಮೇಲಿನ ದಾಳಿಯನ್ನು ಅನಿರ್ದಿಷ್ಟ ಕಾಲ ಮುಂದೂಡಿದನು.

ಯುದ್ಧದ ಸುದ್ದಿಯಲ್ಲಿ ಇಷ್ಟು ವಿಮಾನಗಳು ಬಿದ್ದುವೆಂದು ಓದಿದಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆ ಹಾಕಿಕೊಳ್ಳಲಿ: ಎಣಿಸಿದವರು ಯಾರು? ಒಂದನ್ನೇ ಇಬ್ಬರು ಎಣಿಸಿರಬಹುದೆ? ಎದುರು ಪಕ್ಷದ ಲೆಕ್ಕದ ಪುಸ್ತಕ ಏನು ಹೇಳುತ್ತದೆ?